ಸಕ್ಕರೆ, ಬೇಳೆ ಯಾಕೆ ಯಾವಾಗಲೂ ಅಂಗಡಿಯ ಕೊನೆಯಲ್ಲೇ? ಬೇಕಂತಲೇ ಇಡುತ್ತಾರಾ?

ಮೈಸೂರ್_ಮಲ್ಲಿಗೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವಿರುವುದು ಕುವೆಂಪುನಗರದಲ್ಲಿ. ಮೊದಲೆಲ್ಲ ತಿಂಗಳ ದಿನಸಿ ಸಂತೇಪೇಟೆಯಿಂದ ಬರುತ್ತಿತ್ತು. ಚೀಟಿ ಕೊಟ್ಟು ಬಂದರೆ ಅವರೇ ಕಟ್ಟಿಡುತ್ತಿದ್ದರು, ಸಂಜೆ ಹೋಗಿ ಆಟೋಗೆ ಹಾಕಿಕೊಂಡು ಬಂದರೆ ಆಯಿತು. ಈಗ ಮನೆ ಹತ್ತಿರವೇ ಸೂಪರ್ ಮಾರ್ಕೆಟ್‌ಗಳು ಆಗಿವೆ. ಗಾಡಿ ನಿಲ್ಲಿಸಲು ಜಾಗ ಇದೆ, ಒಳಗೆ ತಂಪಾಗಿರುತ್ತದೆ, ಅತ್ತೆಯವರಿಗೂ ಒಂದು ಸುತ್ತು ಓಡಾಡಿದ ಹಾಗಾಗುತ್ತದೆ. ಹಾಗಾಗಿ ಅಲ್ಲಿಗೇ ಹೋಗುತ್ತೇವೆ.

ಪ್ರಶ್ನೆ ಏನಂದರೆ, ಯಾವ ಅಂಗಡಿಗೆ ಹೋದರೂ ಸಕ್ಕರೆ, ತೊಗರಿಬೇಳೆ, ಅಕ್ಕಿ ಕಟ್ಟಕಡೆಯ ಗೋಡೆ ಹತ್ತಿರವೇ ಇರುತ್ತವೆ. ಬಾಗಿಲಲ್ಲಿ ಹಣ್ಣು, ಇಲ್ಲದಿದ್ದರೆ ಯಾವುದೋ ಆಫರ್ ರಾಶಿ. ಸಂಕ್ರಾಂತಿ ಬಂದರೆ ಎಳ್ಳುಬೆಲ್ಲದ ಪ್ಯಾಕೆಟ್ಟು, ಸಕ್ಕರೆ ಅಚ್ಚು. ಗೌರಿ ಹಬ್ಬಕ್ಕೆ ಬಾಗಿನದ ಸಾಮಾನು. ಅದೆಲ್ಲ ದಾಟಿ, ಬಿಸ್ಕತ್ತು ದಾಟಿ, ಪ್ಲಾಸ್ಟಿಕ್ ಡಬ್ಬಗಳ ಸಾಲು ದಾಟಿ ಹೋದರೆ ಆಮೇಲೆ ಬೇಳೆ ಸಿಗುತ್ತದೆ. ನನ್ನ ತಮ್ಮನನ್ನು ಕೇಳಿದೆ. "ಅಕ್ಕ, ಗೋಡೌನ್ ಹಿಂದೆ ಇರುತ್ತೆ, ಮೂಟೆ ಹೊರೋರಿಗೆ ಸುಲಭ ಅಂತ ಅಲ್ಲಿಡ್ತಾರೆ, ಎಲ್ಲದರಲ್ಲೂ ಸಂಚು ಹುಡುಕಬೇಡ" ಅಂದ. ನಮ್ಮ ಅತ್ತೆ ಪ್ರಕಾರ ಪೂರ್ತಿ ಸಂಚೇ. ಊಟದ ಹೊತ್ತಿಗೆ ಇದೇ ಚರ್ಚೆ.

ಇನ್ನೂ ಒಂದೆರಡು ವಿಷಯ ತಲೆಗೆ ಹತ್ತುತ್ತಿಲ್ಲ. ನಾವು ವರ್ಷಗಳಿಂದ ಬಳಸುವ ಸೋಪು ಯಾವಾಗಲೂ ಕಾಲ ಬುಡದ ಸಾಲಿನಲ್ಲೇ ಯಾಕೆ? ಬಗ್ಗಿ ತೆಗೆಯಬೇಕು. ಕಣ್ಣೆದುರಿನ ಸಾಲಿನಲ್ಲಿ ಟಿವಿಯಲ್ಲಿ ಬರುವ ಹೊಸ ಹೊಸ ಬಾಡಿ ವಾಶ್. ಮತ್ತೆ ಮೊನ್ನೆ ಒಂದು ಕಡೆ ರ್‍ಯಾಕ್ ಮೇಲೆ ಅಂಟಿಸಿದ್ದ ರೇಟೇ ಬೇರೆ, ಬಿಲ್‌ನಲ್ಲಿ ಬಂದ ರೇಟೇ ಬೇರೆ. ಕೇಳಿದರೆ "ಆಫರ್ ನಿನ್ನೆ ಮುಗೀತು ಮೇಡಂ, ಚೀಟಿ ತೆಗೆದಿಲ್ಲ" ಅಂದರು.

ಒಳಗೆ ಕೆಲಸ ಮಾಡಿದವರು ಯಾರಾದರೂ ಇದ್ದರೆ ನಿಜ ಹೇಳಿ. "ಚೀಟಿ ಬರೆದುಕೊಂಡು ಹೋಗಿ, ಹೊಟ್ಟೆ ತುಂಬಿಸಿಕೊಂಡು ಹೋಗಿ" ಅನ್ನುವ ಬುದ್ಧಿಮಾತು ದಯವಿಟ್ಟು ಬೇಡ. ಎರಡೂ ಮಾಡಿಯೇ ಹೋಗುವುದು.


ಶೆಲ್ಫ್_ಜೋಡಿಸ್ದವ

ಅಕ್ಕ, ನಾನು ಒಂದು ಬಿಸ್ಕತ್ತು ಕಂಪನಿಗೆ ಮೈಸೂರಿನಲ್ಲಿ ಮರ್ಚಂಡೈಸರ್ ಆಗಿದ್ದೆ. ಅಂದರೆ ಅಂಗಡಿಯ ಸಂಬಳದವನಲ್ಲ, ಕಂಪನಿಯ ಸಂಬಳದವನು. ವಿಜಯನಗರ, ಗೋಕುಲಂ, ನಂಜನಗೂಡು ಕಡೆಯ ಅಂಗಡಿಗಳಿಗೆ ಬೆಳಿಗ್ಗೆ ಹೋಗಿ ನಮ್ಮ ಮಾಲು ಜೋಡಿಸುವುದೇ ಕೆಲಸ. ಹಾಗಾಗಿ ಇದರ ಬಗ್ಗೆ ಸ್ವಲ್ಪ ಗೊತ್ತು.

ನಿಮ್ಮ ತಮ್ಮನೂ ಸರಿ, ಅತ್ತೆಯವರೂ ಸರಿ. ಅಕ್ಕಿ ಮೂಟೆ ಹಿಂದಿನ ಬಾಗಿಲಿನಿಂದ ಬರುತ್ತದೆ, ಅದನ್ನು ಮುಂದಿನವರೆಗೆ ಎಳೆಯುವುದು ಕಷ್ಟವೇ. ಆದರೆ ಅಷ್ಟಕ್ಕೇ ಅಲ್ಲಿಡುವುದಿಲ್ಲ. ಅಮೆರಿಕ, ಇಂಗ್ಲೆಂಡ್ ಕಡೆ ಇದೇ ಜಗಳ ಹಾಲಿನ ಬಗ್ಗೆ ನಡೆಯುತ್ತದೆ. ಹಾಲನ್ನು ಹಿಂದೆ ಇಡುವುದು ಫ್ರಿಡ್ಜ್ ತುಂಬಿಸಲು ಸುಲಭ ಅಂತ ಒಬ್ಬರು, ಜನರನ್ನು ಸುತ್ತಾಡಿಸಲು ಅಂತ ಇನ್ನೊಬ್ಬರು. ನಮ್ಮೂರಲ್ಲಿ ಹಾಲು ಬೆಳಿಗ್ಗೆ ನಂದಿನಿ ಬೂತಿನಿಂದಲೇ ಬಂದುಬಿಡುತ್ತದೆ, ಹಾಲಿಗಾಗಿ ಯಾರೂ ಸೂಪರ್ ಮಾರ್ಕೆಟ್‌ಗೆ ಹೋಗುವುದಿಲ್ಲ. ಇಲ್ಲಿ ಜನರನ್ನು ಒಳಗೆ ಎಳೆಯುವುದು ಸಕ್ಕರೆ, ಎಣ್ಣೆ, ತೊಗರಿಬೇಳೆ. ಅದಕ್ಕೇ ಅವು ಕೊನೆಯಲ್ಲಿ.

ಇನ್ನೊಂದು ಗಮನಿಸಿ. ಸಕ್ಕರೆ ಕೆಜಿಗೆ ಎಷ್ಟು ಅಂತ ಮನೆಮನೆಗೂ ಗೊತ್ತು. ಪಕ್ಕದ ಅಂಗಡಿಗಿಂತ ಒಂದು ರೂಪಾಯಿ ಕಡಿಮೆ ಇದ್ದರೆ "ಅಲ್ಲಿ ಎಲ್ಲಾ ಸಸ್ತಾ" ಅಂತ ಬೀದಿಯೆಲ್ಲ ಸುದ್ದಿ. ಆದರೆ ಗೋಡಂಬಿ ಕಾಲು ಕೆಜಿಗೆ ಎಷ್ಟು, ಧನಿಯಾ ಪುಡಿ ನೂರು ಗ್ರಾಂಗೆ ಎಷ್ಟು, ನೆಲ ಒರೆಸುವ ಕೋಲಿಗೆ ಎಷ್ಟು? ಯಾರಿಗೂ ನೆನಪಿರುವುದಿಲ್ಲ. ಹಾಗಾಗಿ ಸಕ್ಕರೆಯಲ್ಲಿ ಲಾಭ ಇಲ್ಲದಿದ್ದರೂ, ಕೆಲವು ಸಲ ನಷ್ಟವಾದರೂ ಪರವಾಗಿಲ್ಲ ಅಂತ ರೇಟು ಇಳಿಸುತ್ತಾರೆ. ಅದನ್ನು ನೀವು ಆ ಕೋಲಿನಲ್ಲಿ, ಆ ಡಬ್ಬದಲ್ಲಿ ವಾಪಸ್ ಕೊಟ್ಟು ಬರುತ್ತೀರಿ.

ಈಗ ರ್‍ಯಾಕ್ ವಿಷಯ. ಜನ ಏನು ಅಂದುಕೊಂಡಿರುತ್ತಾರೆ ಅಂದರೆ, ಚೆನ್ನಾಗಿ ಮಾರಾಟ ಆಗುವುದನ್ನು ಅಂಗಡಿಯವರು ಕಣ್ಣೆದುರು ಇಡುತ್ತಾರೆ ಅಂತ. ಎಷ್ಟೋ ಕಡೆ ಆ ಜಾಗಕ್ಕೆ ಬಾಡಿಗೆ ಇದೆ! ಸಾಲಿನ ತುದಿಯಲ್ಲಿ, ನೀವು ತಿರುಗುವ ಕಡೆ ಒಂದು ರ್‍ಯಾಕ್ ಇರುತ್ತದಲ್ಲ, ಅದಕ್ಕೆ ಒಂದು ರೇಟು. ಬಿಲ್ ಕೌಂಟರ್ ಪಕ್ಕದ ಚಾಕೊಲೇಟ್ ಸ್ಟ್ಯಾಂಡಿಗೆ ಒಂದು ರೇಟು. ಎದೆಯಿಂದ ಕಣ್ಣಿನವರೆಗಿನ ಎತ್ತರದ ಸಾಲಿಗೆ ಒಂದು ರೇಟು. ಕಂಪನಿ ತಿಂಗಳಿಗೋ ಮೂರು ತಿಂಗಳಿಗೋ ಕಟ್ಟುತ್ತದೆ. ಒಂದೇ ಬಿಸ್ಕತ್ತನ್ನು ಪಕ್ಕಪಕ್ಕ ಐದಾರು ಸಾಲು ಇಡುವುದಕ್ಕೆ ನಾವು ಫೇಸಿಂಗ್ ಅನ್ನುತ್ತಿದ್ದೆವು. ಜಾಸ್ತಿ ಫೇಸಿಂಗ್ ಇದ್ದರೆ ಜನ "ಇದು ಎಲ್ಲರೂ ತಗೊಳ್ಳೋದು" ಅಂದುಕೊಳ್ಳುತ್ತಾರೆ. ಎದುರಾಳಿ ಕಂಪನಿ ಹುಡುಗ ಮಧ್ಯಾಹ್ನ ಬಂದು ನಮ್ಮದನ್ನು ಸರಿಸಿ ಅವನದ್ದನ್ನು ಇಟ್ಟು ಹೋಗುತ್ತಿದ್ದ. ಮಾರನೇ ದಿನ ನಾನು ಅದೇ ಕೆಲಸ ಮಾಡುತ್ತಿದ್ದೆ. ಇಬ್ಬರೂ ಆಮೇಲೆ ಒಟ್ಟಿಗೆ ಟೀ ಕುಡಿಯುತ್ತಿದ್ದೆವು, ಅದು ಬೇರೆ ವಿಷಯ.

ಮಕ್ಕಳ ಬಿಸ್ಕತ್ತು, ನೂಡಲ್ಸ್, ಆಟಿಕೆ ಇರುವ ಚಾಕೊಲೇಟ್ ಎಲ್ಲ ಕೆಳಗಿನ ಎರಡನೇ ಸಾಲಿನಲ್ಲಿ. ನಿಮ್ಮ ಸೊಂಟದ ಎತ್ತರ ಅಂದರೆ ಮಗುವಿನ ಕಣ್ಣಿನ ಎತ್ತರ.

ತುಂಬಾ ಜನರಿಗೆ ಗೊತ್ತಿಲ್ಲದ್ದು ಒಂದಿದೆ. ಅಂಗಡಿಯೊಳಗೆ ಟೀ ಶರ್ಟ್ ಹಾಕಿಕೊಂಡು ನಿಂತಿರುವ ಹುಡುಗಿಯರು ಇರುತ್ತಾರಲ್ಲ, "ಮೇಡಂ ಈ ಶಾಂಪೂ ತಗೊಳ್ಳಿ, ಇದು ಕೂದಲು ಉದುರೋದಕ್ಕೆ ಒಳ್ಳೇದು" ಅಂತ. ಅವರಲ್ಲಿ ಬಹಳ ಜನ ಅಂಗಡಿಯವರಲ್ಲ, ಆ ಕಂಪನಿಯ ಪ್ರಮೋಟರ್‌ಗಳು. ಅವರಿಗೆ ದಿನಕ್ಕೆ ಇಷ್ಟು ಮಾರಬೇಕು ಅಂತ ಟಾರ್ಗೆಟ್ ಇರುತ್ತದೆ. ನೀವು "ಯಾವುದು ಒಳ್ಳೇದಮ್ಮ" ಅಂತ ಕೇಳಿದರೆ ಆ ಪಾಪದ ಹುಡುಗಿ ಬೇರೆ ಬ್ರ್ಯಾಂಡ್ ಹೇಳಲು ಹೇಗೆ ಸಾಧ್ಯ?

ಕೊನೆಗೆ, ಅಂಗಡಿಯ ಸ್ವಂತ ಬ್ರ್ಯಾಂಡ್. ಬೇಳೆ, ಒಣದ್ರಾಕ್ಷಿ, ರವೆ, ಫಿನಾಯಿಲ್. ಇದರ ಮೇಲೆ "ಎಂಆರ್‌ಪಿ 240, ನಮ್ಮ ಬೆಲೆ 165" ಅಂತ ಹಾಕಿರುತ್ತಾರೆ ಅಂದುಕೊಳ್ಳಿ. ಆ 240 ಅನ್ನು ನಿಗದಿ ಮಾಡಿದವರು ಯಾರು? ಅವರೇ. ತಾವೇ ಬರೆದು ತಾವೇ ಹೊಡೆದುಹಾಕಿ ನಮಗೆ 75 ರೂಪಾಯಿ ಉಳಿಸಿಕೊಟ್ಟರು! ಹಾಗಂತ ಆ ಬೇಳೆ ಕೆಟ್ಟದ್ದು ಅಂತಲ್ಲ, ಬಹಳ ಸಲ ಚೆನ್ನಾಗಿಯೇ ಇರುತ್ತದೆ, ದೊಡ್ಡ ಬ್ರ್ಯಾಂಡಿಗಿಂತ ಕಡಿಮೆಗೂ ಸಿಗುತ್ತದೆ. ಉಳಿಸಿದ್ದು ಎಷ್ಟು ಅಂತ ಬಿಲ್ಲಿನ ಕೆಳಗೆ ದಪ್ಪ ಅಕ್ಷರದಲ್ಲಿ ಬರುತ್ತದಲ್ಲ, ಅದನ್ನು ಮಾತ್ರ ನಂಬಬೇಡಿ.


ಅನುಮಾನ_ಪಕ್ಷಿ

ಮೇಲಿನವರು ಹೇಳಿದ್ದು ಒಳಗಿನ ಮಾತು, ಒಪ್ಪುತ್ತೇನೆ. ನಾನು ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವವನು, ಈ ವಿಷಯ ಬಂದರೆ ಹುಡುಗರು ಮೊಬೈಲಿನಲ್ಲಿ ಬಂದ ವೀಡಿಯೊ ತೋರಿಸಿ "ಸಾರ್ ಸೂಪರ್ ಮಾರ್ಕೆಟ್ ನಮ್ಮ ಮೆದುಳನ್ನೇ ಹ್ಯಾಕ್ ಮಾಡುತ್ತಂತೆ" ಅನ್ನುತ್ತಾರೆ. ಅಷ್ಟು ದೊಡ್ಡ ಮಾತು ಬೇಡ. ಇದು ನೂರು ವರ್ಷ ಹಳೆಯ ವ್ಯಾಪಾರ, ಸ್ವಲ್ಪ ಇತಿಹಾಸ ನೋಡಿದರೆ ಅರ್ಥ ಆಗುತ್ತದೆ.

ಅಮೆರಿಕದಲ್ಲೂ ಮೊದಲು ಚೀಟಿ ಕೊಟ್ಟು ಕಟ್ಟೆಯ ಈಚೆ ನಿಲ್ಲುವ ಪದ್ಧತಿಯೇ ಇತ್ತು. 1916ರಲ್ಲಿ ಮೆಂಫಿಸ್ ಅನ್ನುವ ಊರಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಅನ್ನುವವರು ಪಿಗ್ಲಿ ವಿಗ್ಲಿ ಅಂತ ಅಂಗಡಿ ತೆರೆದರು. ಗಿರಾಕಿ ಕೈಗೆ ಬುಟ್ಟಿ ಕೊಟ್ಟು, ನೀವೇ ತಗೊಳ್ಳಿ ಅಂದರು. ಒಂದು ಕಡೆಯಿಂದ ಒಳಗೆ ಹೋಗಬೇಕು, ಎಲ್ಲಾ ಸಾಲು ಸುತ್ತಬೇಕು, ಕೊನೆಗೆ ದುಡ್ಡು ಕೊಡುವ ಜಾಗದಿಂದ ಹೊರಗೆ ಬರಬೇಕು. ಆ ನಕ್ಷೆಗೆ ಮರುವರ್ಷ ಪೇಟೆಂಟ್ ಕೂಡ ಸಿಕ್ಕಿತು. ಅಂದರೆ ಮಲ್ಲಿಗೆಯವರ ಪ್ರಶ್ನೆಗೆ ಉತ್ತರ ಮೊದಲ ಅಂಗಡಿಯಲ್ಲೇ ಇದೆ. ಅವರು ಸಂಬಳದ ಹುಡುಗರನ್ನು ಕಡಿಮೆ ಮಾಡಲು ಹಾಗೆ ಮಾಡಿದ್ದು, ಜನರನ್ನು ಸುತ್ತಾಡಿಸುವುದೂ ಆಯಿತು. ಎರಡೂ ಲಾಭ ಒಟ್ಟಿಗೆ ಬಂದರೆ ಯಾವುದು ಕಾರಣ ಅಂತ ಹೇಗೆ ಬಿಡಿಸುವುದು?

ಟ್ರಾಲಿ ಕಥೆ ಇನ್ನೂ ತಮಾಷೆ. 1937ರಲ್ಲಿ ಒಕ್ಲಹೋಮಾ ಸಿಟಿಯ ಸಿಲ್ವನ್ ಗೋಲ್ಡ್‌ಮನ್ ಚಕ್ರದ ಗಾಡಿ ತಂದರು. ಕೈಯಲ್ಲಿ ಬುಟ್ಟಿ ಭಾರವಾದ ತಕ್ಷಣ ಜನ ಕೊಳ್ಳುವುದು ನಿಲ್ಲಿಸುತ್ತಿದ್ದರು, ಅದಕ್ಕೆ. ಆದರೆ ಜನ ಮುಟ್ಟಲೇ ಇಲ್ಲ. ಗಂಡಸರಿಗೆ ನಾಚಿಕೆ. ಹೆಂಗಸರು "ಮಗುವಿನ ಗಾಡಿ ತಳ್ಳಿ ಸಾಕಾಗಿದೆ" ಅಂದರಂತೆ. ಕೊನೆಗೆ ಅವರು ದುಡ್ಡು ಕೊಟ್ಟು ಕೆಲವರನ್ನು ಕರೆಸಿ, ಅಂಗಡಿಯೊಳಗೆ ಗಾಡಿ ತಳ್ಳಿಕೊಂಡು ಓಡಾಡಿಸಿದರು. ಅವರನ್ನು ನೋಡಿ ಉಳಿದವರೂ ತಳ್ಳಲು ಶುರು ಮಾಡಿದರು.

ಇನ್ನು ಸಂಶೋಧನೆಗಳು. ನಿಧಾನದ ಸಂಗೀತ ಹಾಕಿದರೆ ಜನ ನಿಧಾನ ನಡೆಯುತ್ತಾರೆ, ಜಾಸ್ತಿ ಕೊಳ್ಳುತ್ತಾರೆ ಅಂತ ರೊನಾಲ್ಡ್ ಮಿಲಿಮನ್ 1982ರಲ್ಲಿ ತೋರಿಸಿದರು. ವೇಗದ ಸಂಗೀತ ಇದ್ದ ದಿನಗಳಿಗಿಂತ ಮಾರಾಟ ಶೇಕಡ 38ರಷ್ಟು ಹೆಚ್ಚಿತ್ತು. ಅದು ಅಮೆರಿಕದ ಒಂದು ಸೂಪರ್ ಮಾರ್ಕೆಟ್‌ನ ಲೆಕ್ಕ. ಜಯನಗರ, ಒಂಟಿಕೊಪ್ಪಲಿನಲ್ಲಿ ಭಾನುವಾರ ಸಂಜೆಯ ನೂಕುನುಗ್ಗಲಿನಲ್ಲಿ ಹಾಡು ಯಾರಿಗೆ ಕೇಳಿಸುತ್ತದೆ? ಇಂಗ್ಲೆಂಡಿನಲ್ಲಿ 1997ರಲ್ಲಿ ಬಂದ ಇನ್ನೊಂದು ಪ್ರಯೋಗದಲ್ಲಿ ಫ್ರೆಂಚ್ ಸಂಗೀತ ಹಾಕಿದ ದಿನ ಫ್ರೆಂಚ್ ವೈನ್, ಜರ್ಮನ್ ಸಂಗೀತ ಹಾಕಿದ ದಿನ ಜರ್ಮನ್ ವೈನ್ ಜಾಸ್ತಿ ಹೋಯಿತು. ಕೇಳಿದರೆ ಹೆಚ್ಚಿನವರು ಸಂಗೀತಕ್ಕೂ ನಮ್ಮ ಆಯ್ಕೆಗೂ ಸಂಬಂಧ ಇಲ್ಲ ಅಂದರು. ಇದು ನನಗೆ ಇಷ್ಟವಾದ ಪ್ರಯೋಗ, ಯಾಕಂದರೆ ಎರಡರಲ್ಲಿ ಯಾವುದು ಅಂತ ಗಟ್ಟಿ ಮನಸ್ಸಿಲ್ಲದವರು ಮಾತ್ರ ಹೀಗೆ ವಾಲುತ್ತಾರೆ.

ಆದರೆ ಜಾಮ್ ಕಥೆ ಹೇಳುವವರನ್ನು ಪೂರ್ತಿ ನಂಬಬೇಡಿ. 24 ಬಗೆಯ ಜಾಮ್ ಇಟ್ಟರೆ ನೂರಕ್ಕೆ ಮೂವರು ಕೊಂಡರು, 6 ಬಗೆ ಇಟ್ಟರೆ ಮೂವತ್ತು ಜನ ಕೊಂಡರು ಅಂತ ಶೀನಾ ಐಯ್ಯಂಗಾರ್ ಮತ್ತು ಮಾರ್ಕ್ ಲೆಪರ್ 2000ದಲ್ಲಿ ಬರೆದರು. ಲೋಕವೆಲ್ಲ ಅದನ್ನೇ ಹೇಳಿತು. ಹತ್ತು ವರ್ಷದ ನಂತರ ಅಂಥ ಹತ್ತಾರು ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದವರಿಗೆ ಸರಾಸರಿ ಪರಿಣಾಮ ಹೆಚ್ಚುಕಡಿಮೆ ಸೊನ್ನೆ ಬಂತು.

ನನ್ನ ಮಟ್ಟಿಗೆ ಗಟ್ಟಿಯಾಗಿ ನಿಲ್ಲುವುದು ಜಾಗದ ವಿಷಯ ಒಂದೇ. ಯಾವುದು ಎಲ್ಲಿದೆ ಅನ್ನುವುದು. ಇಂಗ್ಲೆಂಡ್ ಸರ್ಕಾರ 2022ರ ಅಕ್ಟೋಬರ್‌ನಿಂದ ದೊಡ್ಡ ಅಂಗಡಿಗಳಲ್ಲಿ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿಗಳನ್ನು ಬಾಗಿಲಲ್ಲಿ, ಸಾಲಿನ ತುದಿಯಲ್ಲಿ, ಬಿಲ್ ಕೌಂಟರ್ ಹತ್ತಿರ ಇಡಬಾರದು ಅಂತ ಕಾನೂನು ತಂದಿತು. ಜಾಗಕ್ಕೆ ಶಕ್ತಿ ಇಲ್ಲದಿದ್ದರೆ ಅದಕ್ಕೊಂದು ಕಾನೂನು ಮಾಡುವ ಅಗತ್ಯವೇ ಇರುತ್ತಿರಲಿಲ್ಲ, ಅಲ್ವಾ?


ಪೇಟೆಬೀದಿ_ಅಂಗಡಿ

ನಮ್ಮದು ಮಂಡ್ಯ ಪೇಟೆಬೀದಿ ಹತ್ತಿರ ದಿನಸಿ ಅಂಗಡಿ. ಅಪ್ಪನ ಕಾಲದಿಂದ ಇದೆ. ಸೂಪರ್ ಮಾರ್ಕೆಟ್ ಬಂದ ಮೇಲೆ ನಮ್ಮ ವ್ಯಾಪಾರಕ್ಕೆ ಹೊಡೆತ ಬಿದ್ದಿದೆ, ಹಾಗಾಗಿ ಅವರನ್ನು ಬೈಯ್ಯುವ ಹಕ್ಕು ನನಗೆ ಎಲ್ಲರಿಗಿಂತ ಜಾಸ್ತಿ ಇದೆ. ಆದರೂ ನ್ಯಾಯವಾಗಿ ಒಂದು ಮಾತು ಹೇಳುತ್ತೇನೆ.

ಸಂತೇಪೇಟೆಯ ಚೀಟಿ ಕಾಲ ಚೆನ್ನಾಗಿತ್ತು, ಅಲ್ಲಿ ಯಾರೂ ಮನಸ್ಸು ತಿರುಗಿಸುತ್ತಿರಲಿಲ್ಲ ಅನ್ನುವ ಹಾಗೆ ಇಲ್ಲಿ ಮಾತು ನಡೆಯುತ್ತಿದೆ. ಇಲ್ಲ ಸ್ವಾಮಿ. ನಿಮ್ಮ ಚೀಟಿಯಲ್ಲಿ "ಟೀ ಪುಡಿ ಅರ್ಧ ಕೆಜಿ" ಅಂತ ಇದ್ದರೆ ಯಾವ ಟೀ ಪುಡಿ ಅಂತ ನಿರ್ಧರಿಸುವವರು ಯಾರು? ನಾವು. ಕಂಪನಿ ಸ್ಕೀಮ್ ಯಾವುದರ ಮೇಲಿದೆಯೋ ಅದನ್ನು ಕಟ್ಟುತ್ತೇವೆ. ಇಷ್ಟು ಕೇಸ್ ತಗೊಂಡರೆ ಒಂದು ಸ್ಟೀಲ್ ಡಬ್ಬ, ಅಷ್ಟು ತಗೊಂಡರೆ ಒಂದು ಕುರ್ಚಿ, ಇನ್ನೂ ಜಾಸ್ತಿ ತಗೊಂಡರೆ ಪ್ರವಾಸ. "ಅಣ್ಣ, ಯಾವ ಸೋಪಿನ ಪುಡಿ ಚೆನ್ನಾಗಿದೆ?" ಅಂತ ಕೇಳುವವರಿಗೆ ನಾನು ಕೊಡುವುದು ನನಗೆ ನಾಲ್ಕು ಕಾಸು ಜಾಸ್ತಿ ಉಳಿಯುವುದನ್ನೇ. ಕೆಟ್ಟ ಮಾಲು ಕೊಡುವುದಿಲ್ಲ, ಮಾರನೇ ದಿನ ಅದೇ ಮುಖ ನೋಡಬೇಕಲ್ಲ. ಶಾಂಪೂ ಪೌಚುಗಳ ಮಾಲೆ ಗಲ್ಲಾ ಮೇಲೆ ನೇತಾಡುವುದು, ಬಾಟಲಿಯಲ್ಲಿ ಚಿಲ್ಲರೆ ಬದಲು ಚಾಕೊಲೇಟ್ ಇರುವುದು, ಇದೆಲ್ಲ ಏನು? ನಾವು ಬಾಯಲ್ಲಿ ಮಾಡುವುದನ್ನು ಅವರು ರ್‍ಯಾಕಿನಲ್ಲಿ ಮಾಡುತ್ತಾರೆ, ಅಷ್ಟೇ.

ದೇವರಾಜ ಮಾರುಕಟ್ಟೆಯಲ್ಲಿ ಹೂವಿನವರು ಒಣಗಿದ್ದನ್ನು ಕೆಳಗೆ ಹಾಕಿ ಮೇಲೆ ನೀರು ಚಿಮುಕಿಸುವುದಿಲ್ಲವಾ?

ವ್ಯತ್ಯಾಸ ಬೇರೆ ಕಡೆ ಇದೆ. ನನ್ನ ಹತ್ತಿರ ಸಾಲದ ಪುಸ್ತಕ ಇದೆ. ಕಬ್ಬಿನ ದುಡ್ಡು ಬರುವವರೆಗೆ ಕಾಯುವ ಮನೆಗಳಿವೆ. ಅವರಿಗೆ ನಾನೇ "ಈ ತಿಂಗಳು ಆ ದೊಡ್ಡ ಡಬ್ಬ ಬೇಡ ಬಿಡಮ್ಮ, ಚಿಕ್ಕದು ತಗೊ" ಅನ್ನುತ್ತೇನೆ. ಒಳ್ಳೆಯತನ ಅಂತಲ್ಲ, ಆ ದುಡ್ಡು ನನಗೇ ವಾಪಸ್ ಬರಬೇಕಲ್ಲ! ಸೂಪರ್ ಮಾರ್ಕೆಟ್‌ನವರಿಗೆ ಆ ಭಯ ಇಲ್ಲ. ಅಲ್ಲಿ ಬಿಲ್ ಆದ ಮೇಲೆ ನೀವು ತಿಂಗಳ ಕೊನೆಗೆ ಏನು ಮಾಡುತ್ತೀರಿ ಅನ್ನುವುದು ಅವರ ತಲೆನೋವಲ್ಲ. ಸಂಬಳದ ವಾರದಲ್ಲೇ ಅವರ ದೊಡ್ಡ ಆಫರ್‌ಗಳು ಬರುವುದನ್ನು ನೋಡಿ. "ಎರಡು ತಗೊಂಡರೆ ಒಂದು ಫ್ರೀ". ಮೂರು ಟೊಮೆಟೊ ಸಾಸ್ ಬಾಟಲಿ ಇಟ್ಟುಕೊಂಡು ಏನು ಮಾಡುತ್ತೀರಿ? ಮನೆಯಲ್ಲಿ ಮೂರು ಇದೆ ಅಂತ ಗೊತ್ತಾದರೆ ಮಕ್ಕಳು ಉಪ್ಪಿಟ್ಟಿಗೂ ಹಾಕಿಕೊಳ್ಳುತ್ತಾರೆ. ಸಾಸ್ ಖರ್ಚಾಗುವುದೇ ಹಾಗೆ.

ಬೇಜಾರಿನ ವಿಷಯ ಅಂದರೆ, ಕೆಲವು ಮಾಲನ್ನು ಡಿಸ್ಟ್ರಿಬ್ಯೂಟರ್ ನನಗೆ ಕೊಡುವ ರೇಟಿಗಿಂತ ಕಡಿಮೆಗೆ ಅವರು ಗಿರಾಕಿಗೇ ಮಾರುತ್ತಾರೆ. ನಾನೇ ಅಲ್ಲಿಗೆ ಹೋಗಿ ಚೀಲ ತುಂಬಿಕೊಂಡು ಬಂದು ಇಲ್ಲಿ ಮಾರಿದರೆ ಲಾಭ. ಕೆಲವರು ಮಾಡುತ್ತಲೂ ಇದ್ದಾರೆ, ಅದಕ್ಕೇ "ಒಬ್ಬರಿಗೆ ಎರಡೇ" ಅಂತ ಬೋರ್ಡು ಹಾಕುತ್ತಾರೆ. ಆ ಬೋರ್ಡು ನೋಡಿ ಒಂದು ಸಾಕು ಅಂದುಕೊಂಡು ಬಂದವರು ಎರಡು ತಗೊಂಡು ಹೋಗುತ್ತಾರೆ ಅನ್ನುವುದು ಅವರಿಗೆ ಮೇಲಿನ ಲಾಭ.


ಮೈಸೂರ್_ಮಲ್ಲಿಗೆ

ಎಲ್ಲರಿಗೂ ಧನ್ಯವಾದ, ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಪೇಟೆಬೀದಿ ಅಣ್ಣನ ಮಾತು ಅತ್ತೆಗೆ ಓದಿ ಹೇಳಿದೆ. "ನಮ್ಮ ಶೆಟ್ಟರು ಹಾಗೆ ಮಾಡ್ತಿರಲಿಲ್ಲ" ಅಂತ ಒಂದೇ ಪಟ್ಟು.

ಆದರೆ ಒಂದು ಒಪ್ಪುವುದಿಲ್ಲ ಅಣ್ಣ. ನೀವು ಒಂದು ಟೀ ಪುಡಿ ಕೊಟ್ಟರೆ ಇನ್ನೊಂದು ತೋರಿಸಿ ಅನ್ನಬಹುದು, ಜಗಳ ಆಡಬಹುದು, ವಾಪಸ್ ತಂದು ಕೊಡಬಹುದು. ರ್‍ಯಾಕ್ ಜೊತೆ ಜಗಳ ಆಡುವುದು ಹೇಗೆ? ನಾನೇ ಆರಿಸಿದೆ ಅಂತ ಬೇರೆ ಅನಿಸುತ್ತದೆ.

ಶೆಲ್ಫ್ ಅವರೇ, ಸೋಪಿನ ವಿಷಯ ಬಿಟ್ಟುಬಿಟ್ಟಿರಿ.


ಶೆಲ್ಫ್_ಜೋಡಿಸ್ದವ

ಹೌದು, ಮರೆತೆ. ಹಳೆಯ ಸೋಪು ಕೆಳಗೆ ಇರುವುದಕ್ಕೆ ಎರಡು ಕಾರಣ ಇರಬಹುದು. ಒಂದು, ಆ ಕಂಪನಿ ಮೇಲಿನ ಜಾಗಕ್ಕೆ ದುಡ್ಡು ಕಟ್ಟಿಲ್ಲ. ಎರಡನೆಯದು ಸ್ವಲ್ಪ ಚುರುಕಿನ ಲೆಕ್ಕ: ಅದನ್ನು ಕೊಳ್ಳುವವರು ಅದನ್ನೇ ಕೊಳ್ಳುತ್ತಾರೆ, ಎಲ್ಲಿಟ್ಟರೂ ಹುಡುಕಿ ತೆಗೆಯುತ್ತಾರೆ, ಬಗ್ಗುತ್ತಾರೆ. ಬಗ್ಗುವ ಗಿರಾಕಿ ಇರುವ ಮಾಲಿಗೆ ಒಳ್ಳೆಯ ಜಾಗ ಯಾಕೆ ಕೊಡಬೇಕು? ಒಳ್ಳೆಯ ಜಾಗ ಬೇಕಿರುವುದು ಮನಸ್ಸು ಮಾಡದವರಿಗೆ ಮಾರುವ ಮಾಲಿಗೆ. ಅನುಮಾನ ಪಕ್ಷಿ ಸಾರ್ ವೈನ್ ಬಗ್ಗೆ ಹೇಳಿದ್ದೂ ಇದೇ ಅಲ್ವಾ.

ಹಾಗಾಗಿ ರ್‍ಯಾಕ್ ಜೊತೆ ಜಗಳ ಆಡಬೇಕು ಅಂದರೆ ಮೊದಲು ಅತಿ ಕೆಳಗಿನ ಸಾಲು, ಆಮೇಲೆ ಅತಿ ಮೇಲಿನ ಸಾಲು ನೋಡಿ. ರೇಟು ಕಡಿಮೆ ಇರುವುದು, ಜಾಹೀರಾತಿಗೆ ಖರ್ಚು ಮಾಡದಿರುವುದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಮತ್ತೆ ಪ್ಯಾಕೆಟ್ ತೆಗೆಯುವಾಗ ಹಿಂದಿನಿಂದ ತೆಗೆಯಿರಿ. ಮೊದಲು ಬಂದದ್ದನ್ನು ಮೊದಲು ಮಾರಬೇಕು ಅಂತ ಹಳೆಯ ಮಾಲನ್ನು ಮುಂದಕ್ಕೆ ಎಳೆಯುವುದು ನಮಗೆ ಹೇಳಿಕೊಟ್ಟ ಮೊದಲ ಪಾಠ. ಬ್ರೆಡ್, ಮೊಸರು, ಪನೀರ್‌ಗೆ ಇದು ಮುಖ್ಯ.


ಲೆಕ್ಕದ_ಮೇಷ್ಟ್ರು

ತಡವಾಗಿ ನೋಡಿದೆ. ಎಲ್ಲರೂ ಜಾಗದ ಬಗ್ಗೆ ಮಾತಾಡುತ್ತಿದ್ದೀರಿ, ಪ್ಯಾಕೆಟ್ ಮೇಲಿನ ಸಣ್ಣ ಅಕ್ಷರವನ್ನು ಯಾರೂ ಹೇಳಲಿಲ್ಲ.

ಮೊದಲು ಎಣ್ಣೆ, ಬಿಸ್ಕತ್ತು, ಟೀ ಪುಡಿಯಂಥ ಕೆಲವು ಸಾಮಾನುಗಳನ್ನು ಇಷ್ಟಿಷ್ಟೇ ತೂಕದಲ್ಲಿ ಪ್ಯಾಕ್ ಮಾಡಬೇಕು ಅಂತ ನಿಯಮ ಇತ್ತು. 2021ರಲ್ಲಿ ಆದ ತಿದ್ದುಪಡಿಯಲ್ಲಿ ಅದನ್ನು ತೆಗೆದರು. ಅದರ ಬದಲು ಒಂದು ಗ್ರಾಂಗೆ ಅಥವಾ ಒಂದು ಕೆಜಿಗೆ ಎಷ್ಟು ಅಂತ ಪ್ಯಾಕೆಟ್ ಮೇಲೆ ಬರೆಯಬೇಕು ಅಂತ ತಂದರು. ಎಂಆರ್‌ಪಿ ಹತ್ತಿರವೇ ಸಣ್ಣದಾಗಿ ಇರುತ್ತದೆ, ನೋಡಿ. ಇದು ಬಹಳ ಉಪಯೋಗದ ಅಂಕಿ. ಕಣ್ಣಿಗೆ ಬೀಳದ ಹಾಗೆ ಅಚ್ಚು ಹಾಕುತ್ತಾರೆ ಅನ್ನುವುದು ಬೇರೆ.

ಉದಾಹರಣೆಗೆ ಎಣ್ಣೆ. ಒಂದು ಲೀಟರ್ ಎಣ್ಣೆ ತೂಕದಲ್ಲಿ ಸುಮಾರು 910 ಗ್ರಾಂ. ಅದರ ಪಕ್ಕದಲ್ಲಿ ಅಷ್ಟೇ ದಪ್ಪ ಕಾಣುವ 800 ಗ್ರಾಂ ಪೌಚ್ ಇಟ್ಟಿದ್ದಾರೆ ಅಂದುಕೊಳ್ಳಿ. ಮೊದಲನೆಯದು 150 ರೂಪಾಯಿ, ಎರಡನೆಯದು 138. ಹನ್ನೆರಡು ರೂಪಾಯಿ ಉಳಿಯಿತು ಅನಿಸುತ್ತದೆ. ಲೆಕ್ಕ ಹಾಕಿ: ಮೊದಲನೆಯದು ಕೆಜಿಗೆ ಸುಮಾರು 165, ಎರಡನೆಯದು 172 ಚಿಲ್ಲರೆ. ಕಡಿಮೆ ಬೆಲೆಯದ್ದೇ ದುಬಾರಿ.

ಇಲ್ಲೊಂದು ತೊಡಕಿದೆ. ಒಂದು ಕೆಜಿಗಿಂತ ಕಡಿಮೆ ತೂಕದ ಪ್ಯಾಕೆಟ್ ಮೇಲೆ ಗ್ರಾಂ ಲೆಕ್ಕ ಇರುತ್ತದೆ, ಜಾಸ್ತಿ ತೂಕದ್ದರ ಮೇಲೆ ಕೆಜಿ ಲೆಕ್ಕ. ಹಾಗಾಗಿ ಚಿಕ್ಕ ಪೌಚ್ ಮೇಲೆ 0.17 ಅಂತ, ಕೆಜಿಗಿಂತ ದೊಡ್ಡ ಡಬ್ಬದ ಮೇಲೆ 165 ಅಂತ ಕಂಡು ಗಾಬರಿ ಆಗಬೇಡಿ. ಗ್ರಾಂ ಅಂಕಿಯನ್ನು ಸಾವಿರದಿಂದ ಗುಣಿಸಿ. ಸರಿಯಾಗಿ ಒಂದು ಕೆಜಿಯ ಪ್ಯಾಕೆಟ್ ಆದರೆ ಬೇರೆ ಅಂಕಿ ಇಲ್ಲದಿರಬಹುದು, ಎಂಆರ್‌ಪಿಯೇ ಕೆಜಿ ಬೆಲೆ. ಇನ್ನೊಂದು, ಇದು ಎಂಆರ್‌ಪಿ ಮೇಲಿನ ಲೆಕ್ಕ. ಅಂಗಡಿ ಕಡಿಮೆಗೆ ಕೊಡುತ್ತಿದ್ದರೆ ಮೊಬೈಲಿನಲ್ಲಿ ನೀವೇ ಭಾಗಿಸಬೇಕು.

ದೊಡ್ಡ ಪ್ಯಾಕ್ ಅಂದರೆ ಸಸ್ತಾ ಅನ್ನುವ ನಂಬಿಕೆಯನ್ನೂ ಪರೀಕ್ಷಿಸಿ ನೋಡಿ. ಪೇಟೆಬೀದಿಯವರ ಗಲ್ಲಾ ಮೇಲಿನ ಶಾಂಪೂ ಮಾಲೆ ಎಷ್ಟೋ ಸಲ ಅದೇ ಕಂಪನಿಯ ಬಾಟಲಿಗಿಂತ ಮಿಲಿಲೀಟರ್ ಲೆಕ್ಕದಲ್ಲಿ ಅಗ್ಗ. ಹತ್ತು ರೂಪಾಯಿ ಬಿಸ್ಕತ್ತು ವರ್ಷಗಟ್ಟಲೆ ಹತ್ತೇ ರೂಪಾಯಿ ಇರುವುದು ಹೇಗೆ ಅಂತಲೂ ಗ್ರಾಂ ನೋಡಿದರೆ ಗೊತ್ತಾಗುತ್ತದೆ.


ಅನುಮಾನ_ಪಕ್ಷಿ

ಮೇಷ್ಟ್ರೇ, ಇದು ಸರಿಯಾದ ಮಾತು. ನಾಳೆ ಕ್ಲಾಸಿನಲ್ಲಿ ಎರಡು ಎಣ್ಣೆ ಪೌಚ್ ಇಟ್ಟು ಲೆಕ್ಕ ಹಾಕಿಸುತ್ತೇನೆ. ಜಾಮ್ ಕಥೆಗಿಂತ ಉಪಯೋಗ.


ಮೈಸೂರ್_ಮಲ್ಲಿಗೆ

ಮೇಷ್ಟ್ರೇ, ಹಾಗಾದರೆ ರ್‍ಯಾಕ್ ಮೇಲೆ ಒಂದು ರೇಟು, ಬಿಲ್ಲಿನಲ್ಲಿ ಒಂದು ರೇಟು ಬಂದರೆ ಏನು ಮಾಡಬೇಕು? ಬಿಲ್ಲಿನ ರೇಟು ಎಂಆರ್‌ಪಿಗಿಂತ ಕಡಿಮೆಯೇ ಇತ್ತು, ಅದಕ್ಕೆ ಸುಮ್ಮನಾದೆ. ಮತ್ತೆ ಫೋನ್ ನಂಬರ್ ಕೊಡದಿದ್ದರೆ ಬಿಲ್ ಆಗುವುದಿಲ್ಲ ಅನ್ನುತ್ತಾರಲ್ಲ, ಕೊಡಲೇಬೇಕಾ?


ಲೆಕ್ಕದ_ಮೇಷ್ಟ್ರು

ಎಂಆರ್‌ಪಿಗಿಂತ ಕಡಿಮೆ ಇದ್ದರೆ ಎಲ್ಲಾ ಸರಿ ಅಂತಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಮಾಲಿನ ಮೇಲೆ ಅಥವಾ ಅಂಗಡಿಯವರೇ ತೂಗುಹಾಕಿದ ದರಪಟ್ಟಿಯಲ್ಲಿ ತೋರಿಸಿದ ಬೆಲೆಗಿಂತ ಜಾಸ್ತಿ ತೆಗೆದುಕೊಂಡರೆ ದೂರು ಕೊಡಬಹುದು. ಮೊದಲು ಅಲ್ಲೇ ಮ್ಯಾನೇಜರ್‌ಗೆ ಹೇಳಿ. ನನ್ನ ಅನುಭವದಲ್ಲಿ ರ್‍ಯಾಕ್ ಚೀಟಿಯ ಫೋಟೋ ತೋರಿಸಿದರೆ ಹೆಚ್ಚಿನ ಕಡೆ ಸುಮ್ಮನೆ ಸರಿ ಮಾಡಿಕೊಡುತ್ತಾರೆ, ಹಿಂದೆ ಕ್ಯೂ ನಿಂತಿರುತ್ತದಲ್ಲ. ಆಗಲಿಲ್ಲ ಅಂದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಫೋನ್ ನಂಬರ್ ಕೊಡಲೇಬೇಕು ಅಂತ ಇಲ್ಲ. ನಂಬರ್ ಇಲ್ಲದೆ ಬಿಲ್ ಮಾಡುವುದಿಲ್ಲ ಅನ್ನಬಾರದು ಅಂತ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಗಳಿಗೆ ಹೇಳಿದೆ. ನೀವು ಪ್ರತಿ ತಿಂಗಳು ಏನೇನು ಕೊಳ್ಳುತ್ತೀರಿ ಅನ್ನುವ ಪಟ್ಟಿ ಆ ನಂಬರಿಗೇ ಜೋಡಣೆ ಆಗುವುದು, ಪಾಯಿಂಟ್ಸ್ ಕೊಡುವುದು ಅದಕ್ಕೆ. ಪಾಯಿಂಟ್ಸ್ ಬೇಕು ಅನಿಸಿದರೆ ಕೊಡಿ, ನಿಮ್ಮಿಷ್ಟ.

ಹಾಗೆಯೇ ಕೈಚೀಲಕ್ಕೆ ಬಿಲ್ ಹೊತ್ತಿಗೆ ದುಡ್ಡು ಹಾಕುವುದು. ಮೊದಲೇ ತಿಳಿಸದೆ ಕೌಂಟರಿನಲ್ಲಿ ಚೀಲಕ್ಕೆ ದುಡ್ಡು ತೆಗೆದುಕೊಳ್ಳುವುದು ತಪ್ಪು ವ್ಯಾಪಾರ ಪದ್ಧತಿ ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2020ರ ಡಿಸೆಂಬರ್‌ನಲ್ಲಿ ಹೇಳಿತು. ಈಗ ಬಾಗಿಲಲ್ಲೇ ಬೋರ್ಡು ಹಾಕಿರುತ್ತಾರೆ, ಹಾಗಾಗಿ ಮನೆಯಿಂದ ಚೀಲ ತಗೊಂಡು ಹೋಗುವುದೇ ವಾಸಿ.

ದೂರು ಕೊಡುವ ಯೋಚನೆ ಇದ್ದರೆ ಬಿಲ್ಲಿನ ಫೋಟೋ ಅವತ್ತೇ ತೆಗೆದಿಟ್ಟುಕೊಳ್ಳಿ. ಆ ಕಾಗದದ ಅಕ್ಷರ ಬೇಗ ಮಾಸಿಹೋಗುತ್ತದೆ.